ಚೀಟಿಯಲ್ಲಿ ಇಲ್ಲದ ಪರೀಕ್ಷೆ

ಲ್ಯಾಬಿನಲ್ಲಿ ರಕ್ತ ತೆಗೆಯಲು ರಂಜನಿ ಬಲಗೈಗೆ ರಬ್ಬರ್ ಪಟ್ಟಿ ಬಿಗಿಯಹೋದಾಗ ಹುಡುಗಿ ಆ ಕೈಯನ್ನು ಹಿಂದಕ್ಕೆಳೆದುಕೊಂಡು ತಾನಾಗಿಯೇ ಎಡಗೈ ಚಾಚಿದಳು. ಮೊಣಕೈ ಮಡಿಕೆಯಲ್ಲಿ ಒಂದು ಜಾಗವನ್ನು ಬೆರಳಿನಿಂದ ಒತ್ತಿ ತೋರಿಸಿದಳು. ಎಂಟು ವರ್ಷದ ಮಗುವಿಗೆ ತನ್ನ ಯಾವ ನರ ಸುಲಭವಾಗಿ ಸಿಗುತ್ತದೆ ಎಂಬುದು ಗೊತ್ತಿತ್ತು. ಸೂಜಿ ಒಳಗೆ ಹೋದಾಗ ಅಳಲಿಲ್ಲ, ಮುಖ ತಿರುಗಿಸಲೂ ಇಲ್ಲ; ಜ್ವರದ ಕಣ್ಣು ಅರೆತೆರೆದು ತನ್ನ ರಕ್ತ ಗಾಜಿನ ಕೊಳವೆಗೆ ಇಳಿಯುವುದನ್ನು ನೋಡುತ್ತಿದ್ದಳು.

ಪಕ್ಕದಲ್ಲಿ ಅಜ್ಜಿ ನಿಂತಿದ್ದಳು. ಹಸಿರು ನೂಲಿನ ಸೀರೆ, ಕಂಕುಳಲ್ಲಿ ಬಟ್ಟೆಯ ಚೀಲ. ಡಾಕ್ಟರರ ಚೀಟಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದಳು. ಚೀಟಿಯಲ್ಲಿದ್ದದ್ದು ಮಾಮೂಲು: ಟೈಫಾಯ್ಡ್ ನೋಡಿ, ಮಲೇರಿಯಾ ನೋಡಿ, ರಕ್ತದ ಕಣ ಎಣಿಸಿ. ಮದರಾಸಿನ ಮೈಲಾಪೂರಿನಲ್ಲಿ ಜುಲೈ ತಿಂಗಳು ಜ್ವರ ಬಂದ ಯಾವ ಮಗುವಿಗಾದರೂ ಬರೆಯುವಂಥದ್ದೇ. ಹುಡುಗಿಯ ಹೆಸರು ಮಾತ್ರ ರಂಜನಿಗೆ ಹೊಸದೆನಿಸಿತು: ಮೌನ.

ಅಷ್ಟರಲ್ಲಿ ಹೊರಗಿನ ಮೇಜಿನಿಂದ ಕೂಗು ಬಂತು, "ರಂಜನೀ, ಅಮ್ಮಾ ಲೈನ್‌ಲ!"

ರಂಜನಿ ಹತ್ತಿಯ ತುಂಡನ್ನು ಹುಡುಗಿಯ ಕೈಮೇಲಿಟ್ಟು ಮಡಿಸಿ, ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. "ಅಮ್ಮಾ, ನೀರ್ ಲಾರಿ ಬಂದ್ರೆ ಕೊಡ ಎಲ್ಲಾ ವರಿಸೆಲಿ ಇಟ್ಟುಬಿಡು. ನಾನ್ ಈಗ ವೇಲೆಲಿದೀನಿ, ಆಮೇಲೆ ಪೇಸ್ತೀನಿ. ಹ್ಮ್, ಮಧ್ಯಾಹ್ನ ತಿಂದೆ."

ತಿರುಗಿ ನೋಡಿದರೆ ಅಜ್ಜಿ ಬಾಯಿ ತೆರೆದುಕೊಂಡು ನಿಂತಿದ್ದಳು.

"ನಿಂಗೆ ಕನ್ನಡ ಬತ್ತದಾ ತಾಯಿ?"

"ಬರತ್ತೆ ಅಜ್ಜಿ. ನಾವು ಕನ್ನಡದೋರೇ. ನಮ್ ಮುತ್ತಾತನ ಕಾಲದಿಂದ ಇಲ್ಲೇ ಇರೋದು. ನಮ್ ಕನ್ನಡ ಕೊಂಚ ತಮಿಳ್ ಸೇರ್ಕೊಂಡ ಕನ್ನಡ, ಅಷ್ಟೇ."

"ಎಂಗಾರ ಇರ್ಲಿ ಕನವ್ವ, ಕನ್ನಡ ಅಲ್ವ!" ಅಜ್ಜಿ ಥಟ್ಟನೆ ರಂಜನಿಯ ಮುಂಗೈ ಹಿಡಿದಳು. ಒರಟು ಅಂಗೈ. "ನಾನು ಸಣ್ಣಮ್ಮ ಅಂತ, ಮದ್ದೂರ್ ತಾವ. ಸೊಸೆ ಬಾಣಂತನಕ್ಕೆ ಊರ್ಗೆ ಹೋದ್ಲು, ಈ ಮಗೀನ ನೋಡ್ಕಳಕೆ ನಾನಿಲ್ಲಿ ಬಂದು ಮೂರು ತಿಂಗ್ಳಾಯ್ತು. ನನ್ ಮಗ ಆಪೀಸ್ಗೆ ಹೋಗ್ಬುಟ್ರೆ ನನ್ ಮಾತು ತಿಳ್ಯೋರು ಒಬ್ರೂ ಇಲ್ಲ. ಇವತ್ತು ಡಾಕ್ಟ್ರ ತಾವ ನಾನೇ ಕರ್ಕಂಡ್ ಹೋಗಿದ್ದೆ. ಅವ್ರು ಹೇಳಿದ್ದು ನಂಗೆ ತಿಳೀನಿಲ್ಲ, ನಾನು ಹೇಳಿದ್ದು ಅವ್ರ್ಗೆ ತಿಳೀನಿಲ್ಲ. ಸುಮ್ಕೆ ತಲೆ ಆಡಿಸ್ಬುಟ್ಟು ಬಂದೆ."

"ಏನ್ ಹೇಳ್ಬೇಕೂಂತ ಇದ್ರಿ?"

ಸಣ್ಣಮ್ಮ ಮೊಮ್ಮಗಳ ಕಡೆ ನೋಡಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ರಂಜನಿಯ ಕಿವಿಯ ಹತ್ತಿರ ಬಗ್ಗಿದಳು. "ಮಗೀಗೆ ಉರಿಮೂತ್ರ ಕನವ್ವ. ಕುಂತ್ರೆ ಎರಡು ತೊಟ್ಟು, ಉರಿ ಉರಿ ಅಂತ ಗ್ವಾಡೆ ಹಿಡ್ಕಂಡು ಅಳ್ತಾಳೆ. ಎದ್ದು ಬಂದ್ರೆ ಪುನಾ ಬತ್ತದೆ ಅಂತಾಳೆ. ಒಂಥರಾ ನಾತ. ಹಾಸ್ಗೇಲೂ ಮಾಡ್ಕತಾಳೆ. ಮೊದ್ಲು ಎಂದೂ ಮಾಡ್ಕಂಡೋಳಲ್ಲ."

"ಇದನ್ನ ಡಾಕ್ಟರಿಗೆ ಮುಂಚೆ ಯಾರೂ ಹೇಳಿರಲಿಲ್ವಾ? ಮಗುವಿನ ಅಪ್ಪ?"

"ಅವ್ನಿಗೆ ಗೊತ್ತಿದ್ರಲ್ವ." ಸಣ್ಣಮ್ಮನ ದನಿ ಇನ್ನೂ ತಗ್ಗಿತು. "ಎಂಟು ವರ್ಸದ ಹೆಣ್ಣು ಹಾಸ್ಗೇಲಿ ಮಾಡ್ಕತಾಳೆ ಅಂದ್ರೆ ಬಯ್ತಾನೆ. ಅವ್ನು ಏಳಕ್ ಮುಂಚೆ ನಾನೇ ಎತ್ತಿ ಒಗ್ದಾಕ್ಬುಡ್ತೀನಿ. ಉಷ್ಣ ಅಂದ್ಕಂಡು ಜೀರಿಗೆ ನೀರು ಕುಡುಸ್ದೆ, ಎಳ್ನೀರು ಕುಡುಸ್ದೆ. ಕುಡುಸ್ದಾಗ ಒಸಿ ವಾಸಿ, ಆಮೇಕೆ ಅದೇ ಕತೆ. ಎಲ್ರೂ ಅವ್ವನ ನೆನುಸ್ಕಂಡು ಜ್ವರ ಬತ್ತದೆ ಅಂತಾರೆ."

ಚೀಲದಿಂದ ಹಳೆಯ ರಿಪೋರ್ಟುಗಳು ಹೊರಬಂದವು. ಬೇಸಿಗೆಯಿಂದ ಇದು ಮೂರನೆಯ ಜ್ವರ. ಎರಡು ಸಲವೂ ರಕ್ತದ ಪರೀಕ್ಷೆ, ಎರಡು ಸಲವೂ ಟೈಫಾಯ್ಡ್ ಇದ್ದರೂ ಇರಬಹುದು ಎನ್ನುವಂಥ ಅರೆಮನಸ್ಸಿನ ಫಲಿತಾಂಶ, ಐದು ದಿನದ ಮಾತ್ರೆ. ಜ್ವರ ಇಳಿದಿದೆ. ಮತ್ತೆ ಬಂದಿದೆ. ಮೂತ್ರವನ್ನು ಯಾರೂ ನೋಡಿಲ್ಲ.

ರಂಜನಿ ರಿಪೋರ್ಟುಗಳನ್ನು ಮತ್ತೊಮ್ಮೆ ತಿರುವಿ ನೋಡಿದಳು. ನಾಲ್ಕು ವರ್ಷದಿಂದ ಈ ಲ್ಯಾಬಿನಲ್ಲಿದ್ದಳು. ದಿನಕ್ಕೆ ನಲವತ್ತು ಐವತ್ತು ಕೊಳವೆಗಳು ಅವಳ ಕೈಯಲ್ಲಿ ಹಾದುಹೋಗುತ್ತಿದ್ದವು. ಚೀಟಿಯಲ್ಲಿ ಬರೆದದ್ದನ್ನು ಮಾಡುವುದು, ಬಂದದ್ದನ್ನು ಬರೆಯುವುದು. ಯಾಕೆ ಎಂದು ಕೇಳುವುದು ಅವಳ ಕೆಲಸವಾಗಿರಲಿಲ್ಲ. ಆದರೆ ಓದುವಾಗ ಒಂದು ಪಾಠವಿತ್ತು, ಅದರ ಪಕ್ಕದಲ್ಲಿ ಒಂದು ಚಿತ್ರವೂ ಇತ್ತು: ಕೆಳಗಿನ ಸೋಂಕು ಮೇಲೇರಿ ಮೂತ್ರಪಿಂಡ ಮುಟ್ಟಿದರೆ ಚಳಿಜ್ವರ, ವಾಂತಿ, ಪಕ್ಕೆಯ ಹಿಂದೆ ನೋವು. ಅವಳು ಹುಡುಗಿಯ ಬೆನ್ನ ಹಿಂದೆ ಹೋಗಿ, ಎಡಗಡೆ ಕೊನೆಯ ಪಕ್ಕೆಲುಬಿನ ಕೆಳಗೆ ಮುಷ್ಟಿಯ ಅಂಚಿನಿಂದ ಮೆಲ್ಲಗೆ ತಟ್ಟಿದಳು.

ಸೂಜಿಗೆ ಅಲುಗದ ಹುಡುಗಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು.

"ಅಜ್ಜಿ, ಮಾತ್ರೆ ಏನಾದ್ರೂ ಶುರು ಮಾಡಿದಾರಾ?"

"ಜ್ವರದ ಗುಳಿಗೆ ಅಷ್ಟೆ. ರಕ್ತದ ಚೀಟಿ ಸಂದೆಗೆ ತಂದ್ರೆ ಬೇರೆ ಔಸ್ದಿ ಬರ್ದುಕೊಡ್ತೀನಿ ಅಂತ ಕೈಸನ್ನೆ ಮಾಡಿದ್ರು."

ಸಂಜೆ. ಸಂಜೆಗೆ ಮತ್ತೆ ಅದೇ ಮಾತ್ರೆ ಹೊಟ್ಟೆಗೆ ಹೋದರೆ ಒಳಗಿರುವ ರೋಗಾಣು ತಲೆ ತಗ್ಗಿಸಿ ಅಡಗಿಕೊಳ್ಳುತ್ತದೆ, ಅದನ್ನು ಬೆಳೆಸಿ ನೋಡುವ ಲ್ಯಾಬಿನ ತಟ್ಟೆಯಲ್ಲಿ ಏನೂ ಬೆಳೆಯುವುದಿಲ್ಲ. ಆಗ ಮೂರೂವರೆ. ರಂಜನಿ ಕಪಾಟು ತೆರೆದು ಶುದ್ಧ ಮಾಡಿದ ಬಾಟಲಿಯೊಂದನ್ನು ತೆಗೆದಳು.

"ಕಂದಾ, ಇದರಲ್ಲಿ ಕೊಂಚ ಒಂದಕ್ಕೆ ಮಾಡಿ ಕೊಡ್ತೀಯಾ?"

ಮೌನ ಮೊದಲ ಬಾರಿಗೆ ಬಾಯಿ ಬಿಟ್ಟಳು. "ಮಾಡಲ್ಲ. ಉರಿಯುತ್ತೆ."

"ಸ್ಕೂಲಲ್ಲಿ ಮಾಡೋವಾಗ್ಲೂ ಉರಿಯುತ್ತಾ?"

"ಸ್ಕೂಲಲ್ಲಿ ಮಾಡಲ್ಲ."

"ಬೆಳಿಗ್ಗೆಯಿಂದ ಸಾಯಂಕಾಲದ ತನಕ?"

ಹುಡುಗಿ ಅಜ್ಜಿಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. "ಅಲ್ಲಿ ನೀರೇ ಇಲ್ಲ. ಗಲೀಜು. ಮಿಸ್‌ನ ಹೇಗೆ ಕೇಳೋದು ಗೊತ್ತಾಗಲ್ಲ. ಒಂದಿನ ಕನ್ನಡದಲ್ಲಿ ಕೇಳ್ಬಿಟ್ಟೆ, ಎಲ್ರೂ ನಕ್ಕರು. ಅದಕ್ಕೇ ನೀರು ಕುಡಿಯಲ್ಲ. ಕುಡಿದ್ರೆ ತಾನೇ ಬರೋದು."

"ಸುಳ್ಳಾಡ್ಬ್ಯಾಡ," ಎಂದಳು ಸಣ್ಣಮ್ಮ. "ದಿನಾ ಬಾಟ್ಲಿ ಖಾಲಿ ಬತ್ತದಲ್ಲೇ!"

"ಗೇಟ್ ಹತ್ರ ಗಿಡಕ್ಕೆ ಹಾಕಿ ಬರ್ತೀನಿ."

ಸಣ್ಣಮ್ಮ ಮೊಮ್ಮಗಳನ್ನೇ ನೋಡಿದಳು. ಆ ವರ್ಷ ಮದರಾಸಿನಲ್ಲಿ ಕುಡಿಯುವ ನೀರಿಗೆ ಬೀದಿಬೀದಿಯಲ್ಲಿ ಕೊಡಗಳು ಸಾಲು ನಿಂತಿದ್ದವು. ಅವಳು ದಿನಾ ಬೆಳಿಗ್ಗೆ ಕುದಿಸಿ, ಆರಿಸಿ, ಸೋಸಿ ತುಂಬಿಸುತ್ತಿದ್ದ ಬಾಟಲಿ ಅದು.

ಲ್ಯಾಬಿನ ನಲ್ಲಿಯಲ್ಲೂ ನೀರಿರಲಿಲ್ಲ. ರಂಜನಿ ಕುಡಿಯುವ ಕ್ಯಾನಿನಿಂದ ಒಂದು ಮಗ್ ತುಂಬಿಸಿಕೊಂಡಳು. ಮಗುವನ್ನು ಕೆಳಗೆ ಹೇಗೆ ತೊಳೆಯಬೇಕು, ಮೊದಲಿನ ಹನಿಗಳನ್ನು ಬಿಟ್ಟು ನಡುವಿನ ಧಾರೆಯನ್ನು ಬಾಟಲಿಯ ಒಳಗೆ ಕೈ ತಾಕದಂತೆ ಹೇಗೆ ಹಿಡಿಯಬೇಕು ಎಂದು ಸಣ್ಣಮ್ಮನಿಗೆ ಎರಡೆರಡು ಸಲ ಹೇಳಿಕೊಟ್ಟಳು. ಎರಡು ಲೋಟ ನೀರು ಕುಡಿಸಿ ಕಾದರು. ಗಡಿಯಾರ ನಾಲ್ಕು ದಾಟಿತು. ಬಚ್ಚಲಿನ ಬಾಗಿಲ ಹಿಂದಿನಿಂದ ಸಣ್ಣಮ್ಮನ "ಶ್ಶ್... ಶ್ಶ್... ನನ್ ಬಂಗಾರ, ಒಂದೇ ಒಂದ್ ಕಿತ" ಕೇಳುತ್ತಿತ್ತು. ಹೊರಗೆ ರಂಜನಿ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಳು. ಒಮ್ಮೆ ಚೀರಿದ ಸದ್ದು. ಆಮೇಲೆ ಅಳು. ಆಮೇಲೆ ಬಾಗಿಲು ತೆರೆಯಿತು. ಸಣ್ಣಮ್ಮ ಬಾಟಲಿಯನ್ನು ತೀರ್ಥದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. "ನಡುವಿಂದೇ ಕನವ್ವ! ಮುಂದ್ಲುದ್ನ ಬುಟ್ಬುಟ್ಟು ಹಿಡ್ದಿವ್ನಿ!"

ಅಕ್ಕಿ ತೊಳೆದ ನೀರಿನ ಹಾಗೆ ಮಸುಕಾಗಿತ್ತು. ಕೊಳವೆಗೆ ಸುರಿದು ಯಂತ್ರದಲ್ಲಿ ತಿರುಗಿಸಿದಾಗ ತಳದಲ್ಲಿ ಬಿಳಿಯ ಗಸಿ ಕೂತಿತು. ಒಂದು ಹನಿ ಗಾಜಿನ ಪಟ್ಟಿಯ ಮೇಲೆ, ಮೇಲೊಂದು ತೆಳು ಗಾಜು. ರಂಜನಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತಿರುಪು ತಿರುಗಿಸಿದಳು. ಮಂಜು ಸರಿದು ಒಮ್ಮೆಲೇ ಎಲ್ಲ ನಿಚ್ಚಳವಾಯಿತು. ನಾಲ್ಕೋ ಐದೋ ಕೀವಿನ ಕಣಗಳಿದ್ದರೆ ಸುಮ್ಮನಿರಬಹುದಾದ ಜಾಗದಲ್ಲಿ ಎಣಿಸಲಾಗದಷ್ಟು ತುಂಬಿದ್ದವು, ಸಂತೆಯ ದಿನ ಬಸ್ಸಿನಲ್ಲಿ ತುಂಬಿದ ತಲೆಗಳಂತೆ. ಅವುಗಳ ಸಂದಿಯಲ್ಲಿ ಸಣ್ಣ ಕಡ್ಡಿಯಂಥ ರೋಗಾಣುಗಳು ಸರಸರನೆ ಓಡಾಡುತ್ತಿದ್ದವು.

"ಸಿಕ್ಕಿತು," ಎಂದಳು ರಂಜನಿ, ಯಾರಿಗೂ ಅಲ್ಲ.

"ಏನು ಸಿಕ್ಕಿತು?"

ಹಿಂದೆ ಡಾ. ಮುರಳೀಧರ ನಿಂತಿದ್ದರು. ಲ್ಯಾಬ್ ಅವರದು. ಅರವತ್ತು ದಾಟಿದ ವಯಸ್ಸು, ಮೂಗಿನ ತುದಿಯಲ್ಲಿ ಕನ್ನಡಕ, ಮೂಗಿನ ಮೇಲೇ ಕೋಪ. ಅವರು ಚೀಟಿಯನ್ನು ತೆಗೆದುಕೊಂಡು ಓದಿದರು, ಬಾಟಲಿಯನ್ನು ನೋಡಿದರು, ಮತ್ತೆ ಚೀಟಿ ಓದಿದರು. ಅವರದು ತಮಿಳು. "ಎನ್ನಮ್ಮಾ ಇದು? ಡಾಕ್ಟರ್ ಕಮಲಾಕರ ಇದನ್ನು ಬರೆದಿಲ್ಲವಲ್ಲ? ನೀನು ಯಾವಾಗ ಡಾಕ್ಟರಾದೆ?"

"ಸರ್, ಆ ಅಜ್ಜಿ ಹೇಳಿದ್ದು ಅವರಿಗೆ ಅರ್ಥವಾಗಿಲ್ಲ. ಉರಿಮೂತ್ರ ಇದೆ, ಹಾಸಿಗೆ ಒದ್ದೆ ಮಾಡ್ಕೊಳ್ತಾಳೆ, ಬೆನ್ನು ತಟ್ಟಿದ್ರೆ..."

"ನೀನು ಬೆನ್ನು ಬೇರೆ ತಟ್ಟಿದೆಯಾ!" ಅವರ ದನಿ ಏರಿತು. "ಇಪ್ಪತ್ತು ವರ್ಷದಿಂದ ಅವರು ಇಲ್ಲಿಗೆ ರೋಗಿಗಳನ್ನು ಕಳಿಸುತ್ತಿದ್ದಾರೆ. ನಿಮಗೆ ರೋಗ ತಿಳಿಯಲಿಲ್ಲ, ನಮ್ಮ ಹುಡುಗಿಗೆ ತಿಳಿಯಿತು ಅಂತ ನಾನು ಹೋಗಿ ಹೇಳಬೇಕಾ? ಬರೆದದ್ದು ಮಾಡೋದು ನಮ್ಮ ಕೆಲಸ. ಅದಕ್ಕೆ ಇಷ್ಟವಿಲ್ಲದಿದ್ದರೆ ನಾಳೆಯಿಂದ ಬರಬೇಡ."

ಬೇರೆ ದಿನವಾಗಿದ್ದರೆ ರಂಜನಿ ಅಲ್ಲೇ ಅತ್ತುಬಿಡುತ್ತಿದ್ದಳು. ಇವತ್ತು ಅಳಲಿಲ್ಲ. ಅವಳು ಸ್ಟೂಲಿನಿಂದ ಇಳಿದು ಪಕ್ಕಕ್ಕೆ ಸರಿದಳು. "ಸರ್, ಬರಲ್ಲ ಬೇಕಾದ್ರೆ. ಒಂದು ಸಲ ನೋಡಿಬಿಡಿ."

ಮುರಳೀಧರ ಗೊಣಗುತ್ತಲೇ ಬಗ್ಗಿದರು. ಕನ್ನಡಕ ಹಣೆಗೇರಿಸಿದರು. ಗಾಜನ್ನು ಒಂದಿಷ್ಟು ಆಚೆಗೆ ಸರಿಸಿದರು, ಈಚೆಗೆ ಸರಿಸಿದರು. ಗೊಣಗು ನಿಂತಿತು. ಬಹಳ ಹೊತ್ತು ನೋಡಿದರು.

"ಕಲ್ಚರ್ ಹಾಕು," ಎಂದರು ತಲೆ ಎತ್ತದೆ. "ಮಾಮೂಲಿ ತಟ್ಟೆ ಎರಡು. ಅದರ ಜೊತೆಗೆ ನೇರವಾಗಿ ಔಷಧದ ಬಿಲ್ಲೆ ಇಟ್ಟು ಇನ್ನೊಂದು ತಟ್ಟೆ. ಯಾವುದಕ್ಕೆ ಸಾಯುತ್ತದೆ ಅಂತ ನಾಳೆ ಬೆಳಿಗ್ಗೆಯೇ ತಿಳಿಯಬೇಕು, ಎರಡು ದಿನ ಕಾಯೋಕ್ಕಾಗಲ್ಲ. ಏನು ನಿಂತಿದ್ದೀಯಾ? ಸೀಕ್ರಂ!"

"ಚೀಟಿ, ಸರ್?"

"ಚೀಟಿಗೆ ನಾನಿದ್ದೀನಿ."

ಅವಳು ತಂತಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ತಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದಾಗಲೇ ಹೊರಗಿನಿಂದ ಕೂಗು ಕೇಳಿತು. "ಯವ್ವಾ! ಬಾ ಇಲ್ಲಿ! ಮಗು ನಡುಗ್ತಾವ್ಳೆ!"

ಮೌನ ಬೆಂಚಿನ ಮೇಲೆ ಮುದುಡಿದ್ದಳು. ಹಲ್ಲು ಕಟಕಟಿಸುತ್ತಿತ್ತು, ಬೆಂಚಿನ ಕಾಲು ನೆಲದ ಮೇಲೆ ಟಕಟಕ ಎನ್ನುತ್ತಿತ್ತು. ಮೇಲೆ ಫ್ಯಾನು, ಹೊರಗೆ ಬೆಂಕಿಯಂಥ ಬಿಸಿಲು, ಆದರೂ ಚಳಿ. ಮುರಳೀಧರ ಕಂಕುಳಲ್ಲಿ ಇಟ್ಟ ಥರ್ಮಾಮೀಟರು ನೂರ ನಾಲ್ಕು ತೋರಿಸಿತು. ಅವರು ಫೋನೆತ್ತಿಕೊಂಡರು. ಒಂದು ಕಡೆಯ ಮಾತು ಮಾತ್ರ ರಂಜನಿಗೆ ಕೇಳಿತು: "ಕಮಲಾಕರ, ನಾನು. ನೀವು ಇವತ್ತು ಕಳಿಸಿದ ಮಗು... ಅಲ್ಲ, ರಕ್ತ ಇನ್ನೂ ಆಗಿಲ್ಲ. ಮೂತ್ರ ನೋಡಿದೆ... ಹೌದು, ನೀವು ಬರೆದಿರಲಿಲ್ಲ... ಕೀವು, ತುಂಬಾ... ಇಲ್ಲೇ ಚಳಿ ಹಿಡಿದಿದೆ. ಹೌದು. ಹೌದು. ಈಗಲೇ ಸೇರಿಸಬೇಕು."

ಸುದ್ದಿ ತಿಳಿದು ಗಿಂಡಿ ಬಡಾವಣೆಯ ಆಫೀಸಿನಿಂದ ಮಗುವಿನ ಅಪ್ಪ ಪ್ರತಾಪ್ ಬಂದಾಗ ಐದೂವರೆ. ಹೆಲ್ಮೆಟ್ ಕೂಡ ತೆಗೆಯದೆ ಮೆಟ್ಟಿಲು ಹತ್ತಿ ಬಂದ. ಮುರಳೀಧರ ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು. ಹಾಸಿಗೆಯ ಮಾತು ಬಂದಾಗ ಅವನು ತಿರುಗಿ ತಾಯಿಯನ್ನು ನೋಡಿದ. ಸಣ್ಣಮ್ಮ ಗೋಡೆಗೆ ಒತ್ತಿಕೊಂಡಳು.

"ಯಾಕವ್ವ ಹೇಳ್ನಿಲ್ಲ ನಂಗೆ?"

"ನೀನು ಬಯ್ತಿದ್ದೆ ಕಲಾ ಮಗಿಗೆ."

ಅವನು ಇಲ್ಲ ಎನ್ನಲು ಬಾಯಿ ತೆರೆದ. ಮುಚ್ಚಿದ. "ಬಯ್ತಿದ್ದೆ," ಎಂದು ಹೆಲ್ಮೆಟ್ ತೆಗೆದು ಬೆಂಚಿನ ಮೇಲಿಟ್ಟು, ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಆಟೋದಲ್ಲಿ ಮೂವರೂ ಆಳ್ವಾರ್‌ಪೇಟೆಯ ಮಕ್ಕಳ ಆಸ್ಪತ್ರೆಗೆ ಹೋದರು. ಹೆಲ್ಮೆಟ್ಟು ಲ್ಯಾಬಿನಲ್ಲೇ ಉಳಿಯಿತು.

ಮಾರನೆಯ ಬೆಳಿಗ್ಗೆ ರಂಜನಿ ಎಂಟಕ್ಕೆ ಬರಬೇಕಾದವಳು ಆರೂವರೆಗೇ ಬಂದು ಕಾವಲುಗಾರನನ್ನು ಎಬ್ಬಿಸಿ ಬಾಗಿಲು ತೆಗೆಸಿದಳು. ಅಮ್ಮ "ಇಷ್ಟ್ ಬೇಗ ಎಲ್ಲಿಗೇ, ಕಾಫಿಯಾದ್ರೂ ಕುಡಿ" ಎಂದದ್ದಕ್ಕೆ "ತಟ್ಟೆ ನೋಡ್ಬೇಕು" ಎಂದಷ್ಟೇ ಹೇಳಿ ಬಂದಿದ್ದಳು. ಕಾವು ಕೊಡುವ ಪೆಟ್ಟಿಗೆಯ ಬಾಗಿಲು ಎಳೆಯುವ ಮುನ್ನ ಒಂದು ಕ್ಷಣ ಕಣ್ಣು ಮುಚ್ಚಿದಳು. ಏನೂ ಬೆಳೆಯದೆ ಹೋಗಿದ್ದರೆ?

ಬೆಳೆದಿತ್ತು. ನಿನ್ನೆ ಬರಿದಾಗಿದ್ದ ತಟ್ಟೆಯ ಮೇಲೆ ಅವಳು ಎಳೆದ ಗೆರೆಗಳ ಉದ್ದಕ್ಕೂ ದಟ್ಟ ಗುಲಾಬಿ ಬಣ್ಣದ ಚುಕ್ಕೆಗಳು ಒತ್ತೊತ್ತಾಗಿ ಎದ್ದಿದ್ದವು. ಎಲ್ಲ ಒಂದೇ ಜಾತಿ, ಎಲ್ಲ ಒಂದೇ ಬಣ್ಣ. ಕರುಳಿನಲ್ಲಿ ಸಾಧುವಾಗಿದ್ದು ದಾರಿ ತಪ್ಪಿದರೆ ಇಷ್ಟು ಮಾಡುವ ಆ ಜೀವಿಯನ್ನು ಅವಳು ನೂರಾರು ಸಲ ನೋಡಿದ್ದಳು. ಇಷ್ಟು ಚೆಂದ ಕಂಡದ್ದು ಇದೇ ಮೊದಲು.

ಅವಳು ಮೂರನೆಯ ತಟ್ಟೆಯನ್ನು ಬೆಳಕಿಗೆ ಹಿಡಿದಳು. ಅದರಲ್ಲಿ ಔಷಧ ಹೀರಿದ ಕಾಗದದ ಪುಟ್ಟ ಬಿಲ್ಲೆಗಳನ್ನು ವೃತ್ತವಾಗಿ ಇಟ್ಟಿದ್ದಳು. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಬೋಳು ಉಂಗುರ ಉಳಿಯಬೇಕು. ಒಂದರ ಸುತ್ತ ಅಗಲವಾದ ತಿಳಿ ಉಂಗುರವಿತ್ತು: ಅಮಿಕಾಸಿನ್. ಇನ್ನೊಂದರ ಸುತ್ತ ಅರೆಬರೆ. ಮೂರು ಬಿಲ್ಲೆಗಳ ಅಂಚಿನವರೆಗೂ ಬೆಳೆ ನುಗ್ಗಿ ಬಂದಿತ್ತು. ಆ ಮೂರರಲ್ಲಿ ಒಂದು, ಆಸ್ಪತ್ರೆಯವರು ನಿನ್ನೆ ಸಂಜೆ ಶುರು ಮಾಡಿದ್ದೇವೆಂದು ಫೋನಿನಲ್ಲಿ ಹೇಳಿದ್ದ ಇಂಜೆಕ್ಷನ್.

ಮುರಳೀಧರ ಒಂಬತ್ತಕ್ಕೆ ಬಂದು ಅಳತೆಪಟ್ಟಿ ಇಟ್ಟು ಉಂಗುರಗಳನ್ನು ತಾವೇ ಅಳೆದರು. ಆಸ್ಪತ್ರೆಗೆ ಫೋನು ಹಚ್ಚಿದರೆ ಲೈನು ಒಂದೇ ಸಮನೆ ಬಿಜಿ. ಕಡೆಗೆ ಸಿಕ್ಕ ನರ್ಸು, ಡಾಕ್ಟರ್ ಮೇಡಂ ರೌಂಡ್ಸಿನಲ್ಲಿದ್ದಾರೆ, ಹತ್ತಕ್ಕೆ ಬೇರೆ ಕಡೆ ಹೋಗುತ್ತಾರೆ, ಸಹಿ ಹಾಕಿದ ರಿಪೋರ್ಟ್ ಇಲ್ಲದೆ ಔಷಧ ಬದಲಿಸುವುದಿಲ್ಲ ಎಂದಳು. ಮಗು ಹೇಗಿದೆ ಎಂದರೆ, "ಜ್ವರ ಇಳಿದಿಲ್ಲ. ಎರಡು ಸಲ ವಾಂತಿ."

ಮುರಳೀಧರ ಸಹಿ ಹಾಕಿದರು. "ಆಫೀಸ್ ಹುಡುಗ ಇನ್ನೂ..." ಎನ್ನುವಷ್ಟರಲ್ಲಿ ರಂಜನಿ ಕಾಗದವನ್ನು ಕಸಿದುಕೊಂಡು, ಮೂಲೆಯಲ್ಲಿದ್ದ ಹೆಲ್ಮೆಟ್ಟನ್ನೂ ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಳು.

ಆಟೋ ಲಜ್ ಕಾರ್ನರ್ ದಾಟಿ ನೂರು ಮಾರು ಹೋಗಿ ನಿಂತಿತು. ಮುಂದೆ ಯಾವುದೋ ಮೆರವಣಿಗೆ, ಹಿಂದೆ ಎರಡು ಬಸ್ಸು. "ಇನ್ನು ಅರ್ಧ ಗಂಟೆ ಅಲುಗಾಡೋದಿಲ್ಲಮ್ಮಾ," ಎಂದು ಆಟೋದವನು ಇಂಜಿನ್ ನಿಲ್ಲಿಸಿ ಬೀಡಿಗೆ ಕೈಹಾಕಿದ. ರಂಜನಿ ಇಳಿದಳು. ಮೊದಲು ಬೇಗ ಬೇಗ ನಡೆದಳು, ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿಯೇ ಓಡಿದಳು. ಒಂದು ಕೈಯಲ್ಲಿ ಕಾಗದ, ಇನ್ನೊಂದು ಮೊಣಕೈಯಲ್ಲಿ ಹೆಲ್ಮೆಟ್ಟು. ಹೂ ಕಟ್ಟುವವಳು "ಎನ್ನಾಚ್ಚಮ್ಮಾ?" ಎಂದು ಕೂಗಿದಳು. ಚಪ್ಪಲಿಯ ಉಂಗುಷ್ಠ ಕಿತ್ತಿತು. ಚಪ್ಪಲಿ ಅಲ್ಲೇ ಬಿಟ್ಟಳು. ಸುಡುವ ಟಾರಿನ ಮೇಲೆ ಒಂದು ಬರಿಗಾಲಿನಲ್ಲಿ ಓಡುತ್ತಾ ಅವಳಿಗೆ ಏಕೋ ನಗು ಬಂತು. ಇಪ್ಪತ್ತನಾಲ್ಕು ವರ್ಷದಲ್ಲಿ ಮೈಲಾಪೂರಿನ ಬೀದಿಯಲ್ಲಿ ತಾನು ಹೀಗೆ ಓಡಿದ್ದೇ ಇಲ್ಲ.

ಡಾಕ್ಟರ್ ಮೇಡಂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕಾರಿನ ಬೀಗದ ಕೈ ಹಿಡಿದುಕೊಂಡು ನಿಂತಿದ್ದರು. ರಂಜನಿ ಕಾಗದ ಚಾಚಿದಳು. ಮೇಡಂ ಓದಿದರು. ಬೀಗದ ಕೈಯನ್ನು ಕೈಚೀಲಕ್ಕೆ ಹಾಕಿ ತಿರುಗಿ ಒಳಗೆ ನಡೆದರು. "ಸಿಸ್ಟರ್! ಏಳನೇ ಬೆಡ್, ಆ ಇಂಜೆಕ್ಷನ್ ನಿಲ್ಲಿಸಿ. ಹೊಸದು ಬರೀತೀನಿ, ಈಗಲೇ ಕೊಡಬೇಕು."

ಏಳನೆಯ ಮಂಚದಲ್ಲಿ ಮೌನ ಒಣಗಿದ ತುಟಿ ಅರೆತೆರೆದು ಮಲಗಿದ್ದಳು. ಸಣ್ಣಮ್ಮ ಅವಳ ಪಾದ ತನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಪ್ರತಾಪ್ ಗ್ಲೂಕೋಸ್ ಬಾಟಲಿಯ ಹನಿಯನ್ನೇ ನೋಡುತ್ತಾ ನಿಂತಿದ್ದ. ರಾತ್ರಿಯಿಂದ ಅವನು ಕೂತಿಲ್ಲವೆಂದು ಸಣ್ಣಮ್ಮ ಹೇಳಿದಳು. ನರ್ಸು ಹೊಸ ಔಷಧವನ್ನು ಕೊಳವೆಯೊಳಕ್ಕೆ ಬಿಡುವುದನ್ನು ನಾಲ್ವರೂ ನೋಡಿದರು.

"ಇದನ್ನು ಕಲ್ಚರ್ ಮಾಡಿಸಿದ್ದು ಯಾರು?" ಮೇಡಂ ಕೇಳಿದರು. "ಡಾಕ್ಟರ್ ಕಮಲಾಕರ?"

ಪ್ರಶ್ನೆ ತಮಿಳಿನಲ್ಲಿದ್ದರೂ ಸಣ್ಣಮ್ಮನಿಗೆ ಹೇಗೋ ತಿಳಿಯಿತು. "ಈ ತಾಯಿ," ಎಂದು ರಂಜನಿಯತ್ತ ಕೈ ತೋರಿದಳು.

"ಅಜ್ಜಿ ಹೇಳಿದ್ದು, ಮೇಡಂ," ಎಂದಳು ರಂಜನಿ.

ಮಧ್ಯಾಹ್ನದ ಸ್ಕ್ಯಾನಿನಲ್ಲಿ ಎಡಗಡೆಯ ಮೂತ್ರಪಿಂಡ ಊದಿಕೊಂಡದ್ದು ಕಂಡಿತು. ಮೇಡಂ ಪ್ರತಾಪನಿಗೆ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು, ಅವನು ಅದನ್ನು ತಾಯಿಗೆ ಹೇಳಿದ. ದಿನವಿಡೀ ಮೂತ್ರ ಕಟ್ಟಿಕೊಂಡದ್ದು, ನೀರು ಕುಡಿಯದೇ ಇದ್ದದ್ದು ಒಂದು ಕಾರಣ. ಅದರ ಜೊತೆಗೆ ಕೆಳಗಿನ ಮೂತ್ರಕೋಶದಿಂದ ಮೂತ್ರ ಹಿಂದಕ್ಕೆ ಮೇಲೇರುವ ದೋಷ ಹುಟ್ಟಿನಿಂದಲೇ ಇರಬಹುದು. ಅದನ್ನು ಆರು ವಾರದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ ನೋಡಬೇಕು. ಇದ್ದರೆ ಬಹಳ ದಿನ ಸಣ್ಣ ಪ್ರಮಾಣದ ಔಷಧ, ಬೇಕಾದರೆ ಆಪರೇಷನ್. ಹೀಗೆಯೇ ಜ್ವರ ಬರುತ್ತಾ ಅರೆಬರೆ ಮಾತ್ರೆ ನುಂಗುತ್ತಾ ಹೋಗಿದ್ದರೆ ಮೂತ್ರಪಿಂಡದ ಮೇಲೆ ಗಾಯದ ಕಲೆ ನಿಲ್ಲುತ್ತಿತ್ತು, ಆ ಕಲೆ ಜನ್ಮಕ್ಕೆ ಹೋಗುವುದಿಲ್ಲ. "ಕಲೆ ಈಗಾಗಲೇ ಆಗಿಬಿಟ್ಟಿದೆಯಾ?" ಎಂದು ಪ್ರತಾಪ್ ಕೇಳಿದ್ದಕ್ಕೆ ಮೇಡಂ, "ಬೇಗ ಸಿಕ್ಕಿದೆ. ಅಷ್ಟು ಮಾತ್ರ ಇವತ್ತು ಹೇಳಬಲ್ಲೆ," ಎಂದರಂತೆ.

ಎರಡು ದಿನ ಬಿಟ್ಟು ರಂಜನಿಯನ್ನು ಕೇಳಿಕೊಂಡು ಲ್ಯಾಬಿಗೆ ಫೋನು ಬಂತು. ಆ ಕಡೆ ಡಾ. ಕಮಲಾಕರ. ಗದರುತ್ತಾರೆಂದು ಅವಳು ಗಟ್ಟಿಯಾಗಿ ನಿಂತಳು. ಅವರು ಕೇಳಿದರು, "ಆ ಅಮ್ಮ ನನ್ನ ಹತ್ತಿರ ಒಂದು ಶಬ್ದವನ್ನು ಮತ್ತೆ ಮತ್ತೆ ಹೇಳಿದರು. ಹೊಟ್ಟೆ ಮುಟ್ಟಿ ತೋರಿಸಿದರು. ಹೊಟ್ಟೆಯುರಿ ಅಂದುಕೊಂಡೆ. ಕನ್ನಡದಲ್ಲಿ ಅದಕ್ಕೆ ಏನಂತೀರಿ?"

"ಉರಿಮೂತ್ರ, ಸರ್."

"ನಿಧಾನವಾಗಿ ಹೇಳಮ್ಮಾ. ಬರೆದುಕೊಳ್ಳುತ್ತೇನೆ."

ಅವಳು ಅಕ್ಷರ ಅಕ್ಷರವಾಗಿ ಹೇಳಿದಳು. ಫೋನಿಟ್ಟು ತಿರುಗಿದರೆ ಮುರಳೀಧರ ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡುತ್ತಿದ್ದರು. "ಕೊಳವೆಗಳು ಕಾಯುತ್ತಿವೆ," ಎಂದರು. ನಾಳೆಯಿಂದ ಬರಬೇಡ ಎಂದ ಮಾತನ್ನು ಮತ್ತೆ ಎತ್ತಲಿಲ್ಲ.

ಅಂದು ಸಂಜೆ ಕೆಲಸ ಮುಗಿಸಿ ಅವಳು ಆಳ್ವಾರ್‌ಪೇಟೆಗೆ ಹೋದಳು. ವಾರ್ಡಿನ ಬಾಗಿಲಿನಿಂದಲೇ ಸಣ್ಣಮ್ಮನ ದನಿ ಕೇಳಿತು. ಪಕ್ಕದ ಮಂಚದ ತಮಿಳು ಹೆಂಗಸಿಗೆ ಅವಳು ಕನ್ನಡದಲ್ಲಿ ಏನನ್ನೋ ವಿವರಿಸುತ್ತಿದ್ದಳು, ಆಕೆ ತಮಿಳಿನಲ್ಲಿ ಉತ್ತರಿಸುತ್ತಿದ್ದಳು, ಇಬ್ಬರೂ ತಲೆ ಆಡಿಸುತ್ತಿದ್ದರು. ಪ್ರತಾಪ್ ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋಗಿದ್ದ. ಜ್ವರ ಬೆಳಿಗ್ಗೆಯಿಂದ ಬಂದಿರಲಿಲ್ಲ. ಮೌನ ಮಂಚದ ಮೇಲೆ ಎದ್ದು ಕೂತಿದ್ದಳು, ಕೂದಲಿಗೆ ಎಣ್ಣೆ ಹಾಕಿ ಎರಡು ಜಡೆ ಬಿಗಿದಿತ್ತು.

"ಅಜ್ಜಿ," ಎಂದಳು ಹುಡುಗಿ. "ಬರ್ತಿದೆ."

ಸಣ್ಣಮ್ಮನ ಮಾತು ನಿಂತಿತು. ಪ್ರತಾಪ್ ಕಣ್ಣು ಬಿಟ್ಟ. ಹುಡುಗಿ ಇಳಿದು, ಅಜ್ಜಿಯ ಕೈಯನ್ನು ಬಿಡಿಸಿಕೊಂಡು, ಒಬ್ಬಳೇ ಹೋಗಿ ವಾರ್ಡಿನ ಕೊನೆಯ ಬಚ್ಚಲಿನ ಬಾಗಿಲು ಹಾಕಿಕೊಂಡಳು. ಎಲ್ಲರೂ ಆ ಬಾಗಿಲನ್ನೇ ನೋಡಿದರು. ವಿಷಯ ತಿಳಿದ ತಮಿಳು ಹೆಂಗಸು ಕೂಡ ಬೀಸಣಿಗೆ ನಿಲ್ಲಿಸಿದಳು. ಒಂದು ನಿಮಿಷ ಏನೂ ಇಲ್ಲ. ಮತ್ತೆ ಒಳಗಿನಿಂದ, ವಾರ್ಡಿಗೆಲ್ಲ ಕೇಳುವಂತೆ:

"ಅಜ್ಜೀ! ಉರೀಲಿಲ್ಲ!"

ತಮಿಳು ಹೆಂಗಸು ಮೊದಲು ನಕ್ಕಳು. ಆಮೇಲೆ ಮೂರನೆಯ ಮಂಚದ ಹುಡುಗ ಏಕೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದ. ಸಣ್ಣಮ್ಮ ನಗಲೂ ಇಲ್ಲ, ಅಳಲೂ ಇಲ್ಲ. ಹಾಸಿಗೆಯ ಮೇಲಿನ ಬಟ್ಟೆಯನ್ನು ಸುಮ್ಮನೆ ಎರಡೂ ಕೈಯಿಂದ ಸವರಿ ಸವರಿ ಸರಿಮಾಡಿದಳು. ಬಚ್ಚಲಿನ ಬಾಗಿಲು ತೆರೆಯಿತು. ಹುಡುಗಿ ಒದ್ದೆ ಕಾಲಿನಲ್ಲಿ ನಡೆದು ಬಂದಳು. ಕೆಂಪು ಗಾರೆಯ ನೆಲದ ಮೇಲೆ ಅವಳ ಪುಟ್ಟ ಹೆಜ್ಜೆಗಳು ಬಾಗಿಲಿನಿಂದ ಏಳನೆಯ ಮಂಚದವರೆಗೆ ಸಾಲಾಗಿ ಮೂಡಿದವು. ಫ್ಯಾನಿನ ಗಾಳಿಗೆ ಮೊದಲಿನವು ಆಗಲೇ ಆರತೊಡಗಿದ್ದವು.